ಪ್ರಾಣದಂತೆ ಕಾಪಾಡಿದ ಮಾನಿಟರ್

ಗುಜರಿಗೆ ಹಾಕುವುದನ್ನು ಮಹಾರಾಜರಿಗೆ ಮಾರುವ ಜಾಣ್ಮೆ ಇಡೀ ಶಿವಮೊಗ್ಗದಲ್ಲಿ ತನಗೊಬ್ಬನಿಗೇ ಇದೆ ಎಂದು ರವೀಂದ್ರನಗರದ ಜಯಕುಮಾರ್ ನಂಬಿದ್ದ. ಅಟ್ಟದ ಮೇಲೆ ಡೊಳ್ಳುಹೊಟ್ಟೆ ಬಿಟ್ಟುಕೊಂಡು ಕೂತಿದ್ದ ಹಳೇ ಕಂಪ್ಯೂಟರ್ ಮಾನಿಟರನ್ನು ಇಳಿಸುವಾಗ ಸೊಂಟ ಹಿಡಿದುಕೊಂಡರೂ ಆ ನಂಬಿಕೆ ಅಲುಗಲಿಲ್ಲ.

"ಇಂಥವಕ್ಕೆ ಹುಚ್ಚು ಹಿಡಿದಿರೋ ಜನ ಇದ್ದಾರೆ ಕಣೇ. ಕಣ್ಣಿಗೊತ್ಕೊಂಡು ತಗೊಂಡು ಹೋಗ್ತಾರೆ, ನೋಡ್ತಿರು."

"ಮದುವೇಲಿ ಅಪ್ಪ ಕೊಟ್ಟಿದ್ದು ಅದು," ಎಂದಳು ಹೆಂಡತಿ ವಾಣಿ. "ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಬಂದ ಮೊದಲ್ನೇ ಕಂಪ್ಯೂಟರಿಂದು. ಗೊತ್ತಾದ್ರೆ ನೊಂದ್ಕೋತಾರೆ."

"ಭದ್ರಾವತೀಲಿ ಕೂತಿರೋ ಮಾವನಿಗೆ ಹೇಗೆ ಗೊತ್ತಾಗುತ್ತೆ ಮಾರಾಯ್ತಿ?"

ಫೋಟೋ ಸಮೇತ ಜಾಹೀರಾತು ಹಾಕಿದ. ಬರೀ ಮಾನಿಟರ್ ಎಂದರೆ ಯಾರು ಮೂಸಿ ನೋಡುತ್ತಾರೆ? 'ನಮ್ಮ ಸ್ವರ್ಗಸ್ಥ ತಾತನವರು ಪ್ರಾಣದಂತೆ ಕಾಪಾಡಿದ ವಸ್ತು' ಎಂದು ಸೇರಿಸಿದ. ಜೀವಮಾನದಲ್ಲಿ ರೇಡಿಯೋದ ಕಿವಿಯನ್ನೂ ಹಿಂಡದ ತಾತ ಹೀಗೆ ಕಂಪ್ಯೂಟರ್ ಪಂಡಿತರಾದರು! ಸಂಜೆಯೊಳಗೆ 'ಹಳೇ ಕಂಪ್ಯೂಟರ್ ಪ್ರೇಮಿಗಳ ಬಳಗ'ದ ಹೆಸರಲ್ಲಿ, ಗುರುತಿಲ್ಲದ ನಂಬರಿನಿಂದ ಮೆಸೇಜು ಬಂತು: ಹೇಳಿದ ಬೆಲೆಗೇ ಕೊಳ್ಳುತ್ತೇವೆ, ಭಾನುವಾರ ಬೆಳಿಗ್ಗೆ ಬರುತ್ತೇವೆ. ಜಯಕುಮಾರ್ ಮೀಸೆ ತಿರುವಿ ವಿಳಾಸ ಕಳಿಸಿದ.

ಭಾನುವಾರ ಬಾಗಿಲು ತೆರೆದರೆ, ಬಾಳೆಹಣ್ಣಿನ ಚೀಲ ಹಿಡಿದು ನಿಂತವರು ಮಾವ ಕೃಷ್ಣಪ್ಪ. ಅಳಿಯ ಓಡಿಹೋಗಿ ಮಾನಿಟರಿನ ಮೇಲೆ ಬೆಡ್‌ಶೀಟ್ ಎಳೆದ. ಮಾವ ಸರಿಯಾಗಿ ಅದರ ಪಕ್ಕದಲ್ಲೇ ಕೂತರು.

"ನಾನು ಕೊಟ್ಟ ಮಾನಿಟರ್ ಇದೆಯಾ ಅಳಿಯಂದ್ರೇ?"

"ಇದೇನ್ ಹೀಗ್ ಕೇಳ್ತೀರಾ ಮಾವ? ಪ್ರಾಣದ ಹಾಗೆ ಕಾಪಾಡಿದೀನಿ."

ವಾಣಿ ಅಪ್ಪನ ಮುಂದೆ ಉಪ್ಪಿಟ್ಟು ಇಟ್ಟು, ಗಂಡನನ್ನು ಒಮ್ಮೆ ನೋಡಿ ಒಳಗೆ ಹೋದಳು. ಈಗ ಬಳಗದವರು ಬಂದರೆ ಮಾನ ಮೂರಾಬಟ್ಟೆ. ಬರಬೇಡಿ ಎನ್ನಲು ಜಯಕುಮಾರ್ ವರಾಂಡಕ್ಕೆ ಜಾರಿ ಬಳಗದ ನಂಬರಿಗೆ ಫೋನ್ ಹಚ್ಚಿದ. ಗಂಟೆ ಬಡಿದುಕೊಂಡದ್ದು ಮಾವನ ಜೇಬಿನಲ್ಲಿ.

"ಹಲೋ," ಎಂದರು ಕೃಷ್ಣಪ್ಪ, ಉಪ್ಪಿಟ್ಟು ಅಗಿಯುತ್ತಾ. "ಬಂದಾಯ್ತಲ್ಲ. ನಿಮ್ಮನೇಲೇ ಕೂತಿದೀನಿ. ಬಳಗದ ಅಧ್ಯಕ್ಷ ನಾನೇ."

ಜಯಕುಮಾರ್ ಫೋನ್ ಜೇಬಿಗಿಳಿಸಿ ಒಳಗೆ ಬಂದ. ಮಾವ ಬೆಡ್‌ಶೀಟ್ ಸರಿಸಿ, ಮಾನಿಟರಿನ ಪಕ್ಕೆಯಲ್ಲಿ ತಾವೇ ಹಿಂದೆ ಬರೆದಿದ್ದ ಶ್ರೀಕಾರವನ್ನು ಸವರಿದರು.

"ಫೋಟೋದಲ್ಲೇ ಕಾಣ್ತು. ಪ್ರಾಣದಂತೆ ಕಾಪಾಡಿದ್ದು ನಾನೇ; ಸ್ವರ್ಗಸ್ಥ ತಾತ ಅನ್ನೋದೊಂದು ಬಿಟ್ರೆ ಮಿಕ್ಕಿದ್ದೆಲ್ಲ ಸರಿಯಾಗೇ ಬರ್ದಿದೀರಿ."

"ತಪ್ಪಾಯ್ತು ಮಾವ. ದುಡ್ಡು ಬೇಡ, ಹಾಗೇ ತಗೊಂಡು ಹೋಗಿ."

"ಎಲ್ಲಾದ್ರೂ ಉಂಟೇ? ಅಳಿಯಂದಿರ ಮನೇಲಿ ಪುಕ್ಕಟೆ ತಗೋಬಾರ್ದು, ಚೌಕಾಸೀನೂ ಮಾಡ್ಬಾರ್ದು."

ತಟ್ಟೆಯಲ್ಲಿ ಬಾಳೆಹಣ್ಣು, ಅದರ ಮೇಲೆ ದುಡ್ಡಿನ ಕವರು ಇಟ್ಟು, ಧಾರೆಯ ದಿನದಂತೆ ಎರಡೂ ಕೈಯಿಂದ ಚಾಚಿದರು. ಹಳೇ ಅಭ್ಯಾಸಬಲ, ಅಳಿಯನ ಕೈಗಳು ತಾವಾಗಿ ಮುಂದೆ ಬಂದುಬಿಟ್ಟವು. ಅವನ್ನು ಹಿಂದಕ್ಕೆಳೆಯುವಷ್ಟರಲ್ಲಿ ವಾಣಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಹೊರಗೆ ಬಂದಿದ್ದಳು.

"ನಡೀರಿ ಅಪ್ಪ, ನಾನೂ ಬರ್ತೀನಿ. ಮದುವೇಲಿ ನೀವು ಕೊಟ್ಟಿದ್ರಲ್ಲಿ ಇನ್ನು ಉಳಿದಿರೋದು ನಾನೊಬ್ಳೇ. ಜಾಹೀರಾತಿಗೆ ನನ್ನ ಫೋಟೋ ಇನ್ನೂ ತೆಗೆದಿಲ್ಲ."