ಮುಖವಾಡದವನ ಅಕ್ಕ

ನನಗೆ ಇಂಗ್ಲಿಷ್ ಬರುತ್ತದೆ ಎಂಬ ನಂಬಿಕೆ ನಮ್ಮ ಮಾವನ ಮನೆಯಲ್ಲಿ ಬೇರೂರಿದ್ದಕ್ಕೆ ನಾನು ಹೊಣೆಯಲ್ಲ. ಅದನ್ನು ಅಲ್ಲಗಳೆಯದೆ ಸುಮ್ಮನಿದ್ದದ್ದಕ್ಕೆ ಮಾತ್ರ ಖಂಡಿತ ನಾನೇ ಹೊಣೆ. ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ಕಾಲ ಅದು. ಅಂಥ ಒಂದು ಕಾರ್ಖಾನೆಯ ಗೇಟಿನಲ್ಲಿ ಕೂತು, ಹೊರಹೋಗುವ ಲಾರಿಗಳಿಗೆ ಚೀಟಿ ಬರೆಯುವುದು ನನ್ನ ಕೆಲಸ. ಚೀಟಿ ಇಂಗ್ಲಿಷಿನಲ್ಲಿರುತ್ತಿತ್ತು. ಲಾರಿಯ ನಂಬರು, ಡಬ್ಬಗಳ ಲೆಕ್ಕ, ಹೊರಟ ಹೊತ್ತು, ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು. ಕುದೂರಿನ ಹತ್ತಿರ ರಾಗಿ, ತೆಂಗು ಬೆಳೆಯುವ ನಮ್ಮ ಮಾವ ಕೆಂಪಯ್ಯನವರು ಒಮ್ಮೆ ನಾನು ಸರಸರ ಬರೆಯುವುದನ್ನು ಕಣ್ಣಾರೆ ಕಂಡು, ಊರಿಗೆ ಹೋಗಿ ಏನು ಹೇಳಿದರೋ ಕಾಣೆ. ಆಮೇಲೆ ಅಲ್ಲಿಗೆ ಹೋದಾಗಲೆಲ್ಲ ಜನ ಔಷಧಿ ಬಾಟಲಿಗಳನ್ನು ತಂದು ನನ್ನ ಮುಂದೆ ಹಿಡಿಯತೊಡಗಿದರು. ನಾನೂ ಗಂಭೀರವಾಗಿ ಓದಿ, "ಊಟ ಆದ್ಮೇಲೆ ತಗೊಳ್ಳಿ" ಎನ್ನುತ್ತಿದ್ದೆ. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ.

ನನ್ನ ಇನ್ನೊಂದು ದೌರ್ಬಲ್ಯ ಸೂಪರ್ ಹೀರೋಗಳ ಇಂಗ್ಲಿಷ್ ಸಿನಿಮಾ. ಮದುವೆಯಾಗಿ ಮಗಳು ಸ್ಕೂಲಿಗೆ ಹೋಗತೊಡಗಿದ ಮೇಲೂ ಅದು ಬಿಡಲಿಲ್ಲ. ಅದರಲ್ಲೂ ಕಪ್ಪು ಮುಖವಾಡ ಹಾಕಿಕೊಂಡು, ಓಡುವ ರೈಲಿಗೆ ಅಂಗೈ ಅಡ್ಡ ಹಿಡಿದು ನಿಲ್ಲಿಸುವವನೊಬ್ಬನಿದ್ದ. ಅವನ ಸಿನಿಮಾದ ಸಿ.ಡಿ.ಯನ್ನು ನಾನು ನೋಡಿದ್ದಕ್ಕೆ ಲೆಕ್ಕವಿಲ್ಲ. ಗೇಟಿನಲ್ಲಿ ಲಾರಿಗೆ ಕೈ ಅಡ್ಡ ಹಿಡಿಯುವಾಗ ನನ್ನ ನಿಲುವಿನಲ್ಲೂ ಅವನ ಗತ್ತು ಒಂದಿಷ್ಟು ಇರುತ್ತಿತ್ತು. ಡ್ರೈವರುಗಳು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಒಮ್ಮೆ ಮಾವನವರು ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲಿ ಉಳಿದಿದ್ದರು. ಆಪರೇಷನ್ ಆದ ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣು ಮೊದಲೇ ಮಂಜು. ಭಾನುವಾರ ಮಧ್ಯಾಹ್ನ ನಾನು ಆ ಸಿ.ಡಿ. ಹಾಕಿದಾಗ ಅವರು ಗೋಡೆಗೊರಗಿ, "ಏನ್ ನಡೀತಾ ಐತೆ, ಒಸಿ ಹೇಳಿ ಅಳಿಯಂದ್ರೆ" ಎಂದರು. ನಾನು ಹೇಳತೊಡಗಿದೆ. ರೈಲು ನಿಲ್ಲುವವರೆಗೂ ಎಲ್ಲ ಸುಸೂತ್ರ. ಆಮೇಲೆ ಒಬ್ಬ ಹುಡುಗಿ ಬಂದಳು. ಪರದೆಯಿಂದ ಹೆಣ್ಣುದನಿ ಕೇಳಿ ಮಾವನವರು, "ಯಾರು ಆ ಹೆಣ್ಮಗ್ಳು?" ಎಂದರು.

ಅವಳು ಅವನ ಪ್ರೇಯಸಿ. ಆದರೆ ಹೆಣ್ಣು ಕೊಟ್ಟ ಮಾವನ ಮುಂದೆ ಕೂತು ಆ ಮಾತನ್ನು ಹೇಗೆ ಆಡುವುದು? ನಾಲಿಗೆ ತಾನಾಗಿ ಹೊರಳಿ, "ಅವನ ಅಕ್ಕ, ಮಾವ" ಎಂದುಬಿಟ್ಟಿತು.

ಒಂದು ಸುಳ್ಳು ಹೇಳಿದ ಮೇಲೆ ಉಳಿದ ಒಂದೂವರೆ ಗಂಟೆಯ ಸಿನಿಮಾವನ್ನೆಲ್ಲ ಅದಕ್ಕೆ ಹೊಂದಿಸಬೇಕಾಯಿತು. ಅವಳು ಅತ್ತಾಗ, ಹೆತ್ತವರನ್ನು ನೆನೆದು ಅಳುತ್ತಿದ್ದಾಳೆ ಎಂದೆ. ಖಳನಾಯಕ ಅವಳ ಮುಂದೆ ಯಾವುದೋ ಕಾಗದ ಹಿಡಿದಾಗ, ಅದೇನೆಂದು ನನಗೂ ತಿಳಿಯದೆ, "ಜಮೀನಿನಲ್ಲಿ ಅವಳ ಭಾಗ ಬಿಟ್ಟುಕೊಡಬೇಕು ಅಂತ ರುಜು ಕೇಳ್ತಿದ್ದಾನೆ" ಎಂದೆ. ಕೊನೆಗೆ ಮುಖವಾಡದವನು ಬಂದು ಅವಳನ್ನು ಬಿಡಿಸಿಕೊಂಡು ಹೋದ. ಮಾವನವರು ಪಟ್ಟಿಯಿಲ್ಲದ ಕಣ್ಣನ್ನು ಟವೆಲ್ಲಿನಿಂದ ಒರೆಸಿಕೊಂಡರು. ಕಣ್ಣು ನೋಯುತ್ತಿರಬೇಕು ಎಂದುಕೊಂಡು ನಾನು ಸಿ.ಡಿ. ತೆಗೆದಿಟ್ಟೆ.

ಪಟ್ಟಿ ಬಿಚ್ಚಿದ ಮಾರನೆಯ ದಿನ ಮಾವನವರು ಊರಿನ ಬಸ್ಸು ಹತ್ತಲಿಲ್ಲ, ಮಾಗಡಿಗೆ ಹೋದರು. ಅಲ್ಲಿ ಅವರ ಅಕ್ಕ ಪುಟ್ಟಮ್ಮ ಇರುವುದು ನನಗೆ ಗೊತ್ತಿತ್ತು. ಒಂಬತ್ತು ವರ್ಷದಿಂದ ಮಾತಿಲ್ಲದ್ದು ಗೊತ್ತಿರಲಿಲ್ಲ. ಜಮೀನು ಭಾಗವಾದಾಗ ಮಾವನವರು ಅಕ್ಕನಿಗೆ ವಿಷಯ ಬಿಡಿಸಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ಇದನ್ನು ನನ್ನ ಹೆಂಡತಿ ಸುಮಿತ್ರ ಆಮೇಲೆ ಹೇಳಿದಳು. ತಮ್ಮ ಬಂದು ಬಾಗಿಲಲ್ಲಿ ನಿಂತಾಗ ಪುಟ್ಟಮ್ಮ ಒಳಕ್ಕೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರಂತೆ. ಅಂದು ಅಲ್ಲೇ ಊಟ. ತಿಂಗಳೊಳಗೆ ತೆಂಗಿನ ತೋಟದ ಒಂದು ಪಾಲು ಅಕ್ಕನ ಹೆಸರಿಗಾಯಿತು. ನಾನು ದಂಗಾದೆ. ಮುಖವಾಡದವನು ರೈಲು ನಿಲ್ಲಿಸಿದ್ದು ಇದರ ಮುಂದೆ ಏನೂ ಅಲ್ಲ.

ಎರಡು ವರ್ಷದ ಮೇಲೆ ಆ ಸಿನಿಮಾದ ಎರಡನೇ ಭಾಗ ರಾಮನಗರದ ಟಾಕೀಸಿಗೆ ಬೆಳಗಿನ ಆಟಕ್ಕೆ ಬಂತು. ಒಬ್ಬನೇ ನೋಡಿ ಬರೋಣವೆಂದು ನಾನು ರಜೆ ಹಾಕಿದ್ದೆ. ಅಷ್ಟರಲ್ಲಿ ಮಾವನವರ ಫೋನು. ಪೋಸ್ಟರಿನಲ್ಲಿ ಮುಖವಾಡ ನೋಡಿ ಗುರುತು ಹಿಡಿದಿದ್ದರು; ಅಕ್ಕನನ್ನೂ ಕರೆದುಕೊಂಡು ಬರುತ್ತಾರಂತೆ. ಸುಮಿತ್ರ, "ಈಗ್ಲೇ ನಿಜ ಹೇಳ್ಬುಡಿ" ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಹೇಳುತ್ತೇನೆ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಆ ಇಬ್ಬರೂ ಒಂದೇ ಪೊಟ್ಟಣದಿಂದ ಕಡಲೆಕಾಯಿ ಬಿಡಿಸಿ ತಿನ್ನುತ್ತಾ ನಿಂತಿದ್ದರು. ನಾನು ನಿಜ ಹೇಳುವುದು ಬಿಟ್ಟು ಟಾಕೀಸಿನ ದಾರಿ ತೋರಿಸಿದೆ.

ಎರಡು ವರ್ಷ ಕಾದ ಸಿನಿಮಾವನ್ನು ನಾನು ನೋಡಲೇ ಇಲ್ಲ. ಮಾವನವರ ಮುಖ ನೋಡುತ್ತಾ ಕೂತಿದ್ದೆ. ಇನ್ನೊಂದು ಕಣ್ಣಿನ ಪೊರೆಯನ್ನೂ ತೆಗೆಸಿದ್ದರಿಂದ ಈಗ ಅವರಿಗೆ ಎರಡು ಕಣ್ಣೂ ಚೆನ್ನಾಗಿ ಕಾಣುತ್ತಿದ್ದವು. ಹುಡುಗಿ ಬಂದಾಗ ದನಿಯಿಂದಲೇ ಗುರುತು ಹಿಡಿದು ಅಕ್ಕನಿಗೆ, "ಅವ್ಳೇ ಕಣಕ್ಕ" ಎಂದು ತೋರಿಸಿದರು. ಇಂಟರ್‌ವಲ್ ಆದ ಸ್ವಲ್ಪ ಹೊತ್ತಿಗೆ ಮುಖವಾಡದವನು ಮಂಡಿಯೂರಿ ಅವಳ ಬೆರಳಿಗೆ ಉಂಗುರ ತೊಡಿಸಿದ. ಆಮೇಲೆ ಅವಳ ತುಟಿಗೆ ತುಟಿ ಇಟ್ಟ. ಟಾಕೀಸಿನಲ್ಲಿ ಶಿಳ್ಳೆ ಎದ್ದಿತು. ಮಾವನವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಮೇಲೆದ್ದರು. ಪುಟ್ಟಮ್ಮನೂ ಎದ್ದರು. ನಾನು ಅವರ ಹಿಂದೆ, ತಪ್ಪು ಮಾಡಿ ಹೆಡ್‌ಮಾಸ್ತರ ಕೋಣೆಗೆ ಹೊರಟವನಂತೆ ನಡೆದೆ.

ಹೋಟೆಲಿನಲ್ಲಿ ಕಾಫಿ ಬರುವ ಮೊದಲೇ ನಾನು ಎಲ್ಲ ಒಪ್ಪಿಕೊಂಡೆ. ಅವಳು ಮೊದಲಿಂದಲೂ ಪ್ರೇಯಸಿಯೇ ಎಂದೆ. ಅಕ್ಕ, ಜಮೀನು, ರುಜು ಎಲ್ಲ ನಾನು ಕಟ್ಟಿದ್ದು ಎಂದೆ. ನನಗೆ ಇಂಗ್ಲಿಷೂ ಬರುವುದಿಲ್ಲ ಎಂದೆ. ಮಾವನವರು ಸಾವಧಾನವಾಗಿ ಕೇಳಿ, ನನ್ನ ಭುಜದ ಮೇಲೆ ಕೈಯಿಟ್ಟರು.

"ಆವತ್ತು ನೀವು ಸರ್ಯಾಗೇ ಹೇಳಿದ್ರಿ ಅಳಿಯಂದ್ರೆ. ಇದನ್ನ ತೆಗ್ದೋರು ಬ್ಯಾರೆ ಜನ. ಮೊದ್ಲ ಕಥೆ ಗೊತ್ತಿಲ್ದೆ ಕೆಡ್ಸಿಬುಟ್ಟವ್ರೆ. ಅದ್ಕೆ ನೀವ್ಯಾಕೆ ನೊಂದ್ಕತೀರಿ?"

ನಾನು ಮತ್ತೆ ಬಾಯಿ ತೆರೆದೆ. ಅವರು ಕೈ ತೊಳೆಯಲು ಎದ್ದು ಹೋದರು. ಪುಟ್ಟಮ್ಮ ಕಾಫಿ ಆರಿಸುತ್ತಾ, ನನ್ನ ಕಡೆ ನೋಡದೆಯೇ ಹೇಳಿದರು:

"ಅವ್ಳು ಅವ್ನಿಗೆ ಏನಾದ್ರೂ ಆಗ್ಲಿ ಕಣಪ್ಪ. ನನ್ ತಮ್ಮ ನನ್ನ ಹೊಸ್ಲು ತುಳಿಯಂಗಾಯ್ತಲ್ಲ. ಇನ್ನೇನೂ ಹೇಳಕ್ಕೋಗ್ಬ್ಯಾಡ."

ನಾನು ಮತ್ತೆ ಹೇಳಲಿಲ್ಲ. ಮಾವನವರು ಈಗ ಊರಿನಲ್ಲಿ ಎರಡನೇ ಭಾಗವನ್ನು ತಾವೇ ತಿದ್ದಿ ಹೇಳುತ್ತಾರೆ. ಅದರಲ್ಲಿ ಮುಖವಾಡದವನು ಅಕ್ಕನಿಗೆ ಒಳ್ಳೆಯ ಕಡೆ ಸಂಬಂಧ ನೋಡಿ, ಮುಂದೆ ನಿಂತು ಮದುವೆ ಮಾಡಿಸುತ್ತಾನೆ. ಕೇಳಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ನಾನಾದರೋ ಕೊಟ್ಟ ಟಿಕೆಟ್ಟಿಗೆ ಅಭಿಮಾನಿಯಾಗಿ ನ್ಯಾಯ ಸಲ್ಲಿಸಬೇಕೆಂದು ಅರ್ಧಕ್ಕೇ ಎದ್ದು ಬಂದ ಮುಂದಿನ ವಾರವೇ ಯಾರಿಗೂ ಹೇಳದೆ ಹೋಗಿ, ಒಬ್ಬನೇ ಕೂತು ಸಿನಿಮಾ ಪೂರ್ತಿ ನೋಡಿದೆ. ರೈಲೇನು, ವಿಮಾನವನ್ನೇ ಅಂಗೈಯಲ್ಲಿ ನಿಲ್ಲಿಸಿದ್ದ. ಚಪ್ಪಾಳೆ ತಟ್ಟಿದೆ. ಆಮೇಲೆ ಅವನು ಮಂಡಿಯೂರಿ ಉಂಗುರ ತೆಗೆದ. ಯಾಕೋ ಮನಸ್ಸು ಒಪ್ಪಲಿಲ್ಲ. ಪಕ್ಕದ ಸೀಟಿನವನು ತಿರುಗಿ ನೋಡಿದಾಗಲೇ ನನಗೆ ತಿಳಿದದ್ದು, ನಾನು ಗಟ್ಟಿಯಾಗಿಯೇ, "ಥೂ, ಅಕ್ಕ ಕಣೋ ಅವಳು" ಎಂದುಬಿಟ್ಟಿದ್ದೆ.