ಮೈ ಮುರಿಯುವ ಆಟ ಯಾವುದು, ಮಾವ?

ನಮ್ಮ ಸೋದರಮಾವ ಜೀವನದಲ್ಲಿ ಒಂದು ಆಟವನ್ನೂ ನೆಟ್ಟಗೆ ಆಡಿದವರಲ್ಲ. ಆದರೆ ಅವರು ಪೆಟ್ಟು ಮಾಡಿಕೊಳ್ಳದ ಆಟ ಮಾತ್ರ ಒಂದೂ ಉಳಿದಿಲ್ಲ! ಮಂಡಿ ಫುಟ್‌ಬಾಲಿಗೆ ಹೋಯಿತು, ಭುಜ ಈಜಿಗೆ ಹೋಯಿತು, ಸೊಂಟ ಕುಸ್ತಿಗೆ ಹೋಯಿತು. ಟೆನಿಸ್ಸಿಗೂ ಏನಾದರೂ ಕೊಡೋಣವೆಂದು ಇದ್ದರು, ನಮ್ಮ ಅತ್ತೆ ಬಿಡಲಿಲ್ಲ.

ಮಾವನ ಕಸುಬು ತಿಪಟೂರಿನಲ್ಲಿ ಮೋಟರ್ ವೈಂಡಿಂಗ್. ಸುತ್ತಮುತ್ತಲ ತೆಂಗಿನ ತೋಟಗಳ ಪಂಪ್‌ಸೆಟ್ಟು ಸುಟ್ಟರೆ ಜನ ಹೊತ್ತು ತರುವುದು ಅವರ ಅಂಗಡಿಗೇ. ಕೈಯ ಕೆಲಸದಲ್ಲಿ ಯಾರೂ ಬೊಟ್ಟು ಮಾಡುವಂತಿಲ್ಲ. ಆದರೆ ಕೈ ತಾಮ್ರದ ತಂತಿ ಸುತ್ತುತ್ತಿರುವಾಗ ಬಾಯಿ ಸುಮ್ಮನಿರಬೇಕಲ್ಲ? ಅದಕ್ಕೆಂದೇ ಅವರು ಒಂದು ಪ್ರಶ್ನೆ ಸಾಕಿಕೊಂಡಿದ್ದರು. ಈ ಭೂಮಿಯ ಮೇಲಿನ ಆಟಗಳಲ್ಲೆಲ್ಲ ಮನುಷ್ಯನ ಮೈಯನ್ನು ಅತಿ ಹೆಚ್ಚು ದಂಡಿಸುವ ಆಟ ಯಾವುದು? ಬೇರೆಯವರಾದರೆ ಒಂದು ಸಂಜೆ ಹರಟಿ ಮರೆತುಬಿಡುವ ಮಾತು. ಮಾವ ಅದನ್ನು ಮರೆಯಲೂ ಇಲ್ಲ, ನಮ್ಮನ್ನು ಮರೆಯಲು ಬಿಡಲೂ ಇಲ್ಲ!

ಒಮ್ಮೆ ಹಂದನಕೆರೆ ಕಡೆಯ ಯಜಮಾನರೊಬ್ಬರು ಸುಟ್ಟ ಮೋಟರನ್ನು ಆಟೋದಿಂದ ಇಳಿಸಿ, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು. ಬೇಸಿಗೆ. ತೋಟದ ಸಸಿಗಳು ಬಾಯಿ ಬಿಡುತ್ತಿದ್ದವು. ಯಾವಾಗ ಕೊಡ್ತೀರಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಮಾವನೇ ಕೇಳಿದರು:

“ಯಜಮಾನ್ರೇ, ಮೈಗೆ ಬಲು ಕಷ್ಟದ ಆಟ ಯಾವ್ದು?”

“ಇದನ್ನ ಬಾವಿಯಿಂದ ಮೇಲಕ್ಕೆತ್ತೋದು ಕಣಪ್ಪ!”

“ಅದು ಆಟ ಅಲ್ಲ ಕಣ್ರೀ. ಆಟ ಅಂದ್ರೆ ಪಕ್ಕದಲ್ಲಿ ಒಬ್ಬ ಸೀಟಿ ಊದೋನು ಇರ್ಬೇಕು.”

“ನಮ್ಮೆಂಗ್ಸು ಇದ್ಲಲ್ಲ, ಊದ್ತಾನೇ ಇದ್ಲು!”

ಮಾವನಿಗೆ ಆ ಯಜಮಾನರ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಸಾಲಿನಲ್ಲಿದ್ದ ಬೇರೆ ಮೋಟರುಗಳನ್ನೆಲ್ಲ ಪಕ್ಕಕ್ಕಿಟ್ಟು ಅವರದಕ್ಕೇ ಮೊದಲು ತಂತಿ ಸುತ್ತಿಕೊಟ್ಟರು.

ಇಂಥ ಮಾವನಿಗೆ ಸರಿಸಮನಾದ ಎದುರಾಳಿ ಇದ್ದದ್ದು ನಮ್ಮ ಮನೆಯಲ್ಲೇ. ನಮ್ಮ ಅಪ್ಪ. ನಮ್ಮದು ಹಾಲ್ಕುರಿಕೆ ಕಡೆ ತೋಟದ ಮನೆ. ಅಪ್ಪ ಹರೆಯದಲ್ಲಿ ಊರೂರು ತಿರುಗಿ ಕಬಡ್ಡಿ ಆಡಿದವರು. ಮಾವನ ಉತ್ತರ ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಒಮ್ಮೆ ಫುಟ್‌ಬಾಲು, ಒಮ್ಮೆ ಮ್ಯಾರಥಾನು, ಒಮ್ಮೆ ಯಾವುದೋ ದೇಶದಲ್ಲಿ ಮಂಜಿನ ಮೇಲೆ ಜಾರುವ ಆಟ. ಅಪ್ಪನದು ಒಂದೇ ಉತ್ತರ. ಭಾನುವಾರ ಬಂತೆಂದರೆ ಮಾವ, ಅತ್ತೆ ಇಬ್ಬರೂ ಸ್ಕೂಟರಿನಲ್ಲಿ ಬಂದಿಳಿಯುತ್ತಿದ್ದರು. ಕಾಲಿಗೆ ನೀರು ಹಾಕಿಕೊಳ್ಳುವ ಮುಂಚೆಯೇ ಶುರು.

“ಕಬಡ್ಡಿ ಕಣಯ್ಯ,” ಎನ್ನುತ್ತಿದ್ದರು ಅಪ್ಪ. “ಉಸುರು ಬಿಡಂಗಿಲ್ಲ. ಎದುರಿರೋರೆಲ್ಲ ಮೈಮೇಲೆ ಬಿದ್ರೂ ಎಳ್ಕಂಡು ಬಂದು ಗೆರೆ ಮುಟ್ಬೇಕು. ಇನ್ನೇನ್ ಬೇಕು ನಿಂಗೆ?”

“ಏನ್ ಭಾವ ನೀವು! ಉಸುರು ಬಿಡ್ದೆ ಮಾತಾಡೋದೇ ದೊಡ್ಡದಾ? ಇವ್ಳು ಬೈಯಕ್ಕೆ ನಿಂತ್ರೆ ಒಂದೇ ಉಸುರ್ನಲ್ಲಿ ಅರ್ಧ ಗಂಟೆ ಬೈತಾಳೆ. ಯಾರಾದ್ರೂ ಕಪ್ ಕೊಟ್ಟವ್ರಾ?”

“ಕೊಡ್ಸಿ, ಯಾರ್ ಬ್ಯಾಡ ಅಂದ್ರು?” ಅಡುಗೆಮನೆಯಿಂದ ಅತ್ತೆಯ ದನಿ!

ಬರೀ ಮಾತಿನಲ್ಲಿ ಮುಗಿದಿದ್ದರೆ ಒಂದು ರೀತಿ. ಆದರೆ ಮಾವ ಪ್ರತಿ ಆಟವನ್ನೂ ಸ್ವಂತ ಮೈಮೇಲೆ ಪರೀಕ್ಷಿಸಿಯೇ ತೀರುವವರು. ಈಜಿನಲ್ಲಿ ಮೈಯ ಒಂದೊಂದು ನರವೂ ದುಡಿಯುತ್ತದೆ ಎಂದು ಫೋನಿನಲ್ಲಿ ಎಲ್ಲೋ ಓದಿದರಂತೆ. ಮುಂದಿನ ಭಾನುವಾರ ನಮ್ಮ ತೋಟದ ಸಿಮೆಂಟ್ ತೊಟ್ಟಿಯ ಮುಂದೆ ನಿಕ್ಕರಿನಲ್ಲಿ ಪ್ರತ್ಯಕ್ಷ! ಈಜು ಬರುತ್ತದೆಯೇ ಎಂದು ನಾನು ಕೇಳಿದೆ.

“ಬಂದ್ಬುಟ್ರೆ ಕಷ್ಟ ಎಂಗ್ ಗೊತ್ತಾಯ್ತದವ್ವ?” ಎಂದರು.

ನಮ್ಮ ಕಡೆ ಮಕ್ಕಳಿಗೆ ಈಜು ಕಲಿಸುವಾಗ ಸೊಂಟಕ್ಕೆ ಒಣಗಿದ ಇಡೀ ತೆಂಗಿನಕಾಯಿ ಜೋಡಿ ಕಟ್ಟುತ್ತಾರೆ. ಅದು ತೇಲಿಸುತ್ತದೆ. ಮಾವನೂ ಕಟ್ಟಿಕೊಂಡರು. ಆದರೆ ಮಕ್ಕಳ ಸೊಂಟಕ್ಕೂ ಮಾವನ ಸೊಂಟಕ್ಕೂ ವ್ಯತ್ಯಾಸವಿದೆ. ಧುಮುಕಿದ ಕೂಡಲೇ ಹಗ್ಗ ಸಡಿಲವಾಗಿ ಕಾಯಿಗಳು ತೊಡೆಗೆ ಜಾರಿದವು. ತೆಂಗಿನಕಾಯಿ ತನ್ನ ಕೆಲಸ ತಾನು ಮಾಡಿತು, ತೇಲಿಸಿತು. ಆದರೆ ತೇಲಿದ್ದು ಮಾವನ ಕಾಲು! ತಲೆ ಕೆಳಗೆ, ಅಂಗಾಲು ಆಕಾಶಕ್ಕೆ. ಎದೆಯುದ್ದದ ನೀರು, ಸುಮ್ಮನೆ ನೆಟ್ಟಗೆ ನಿಂತರೆ ಸಾಕಿತ್ತು. ಆದರೆ ತಲೆಕೆಳಗಾದ ಮನುಷ್ಯನಿಗೆ ನೆಲ ಯಾವ ಕಡೆ ಎಂದು ಹೇಳುವವರಾರು? ಅಪ್ಪ ತೊಟ್ಟಿಗೆ ಹಾರಿ, ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದರು. ಮಾವ ಉಳುಕಿದ ಭುಜ ಹಿಡಿದುಕೊಂಡು, ಮೂಗು, ಬಾಯಿ, ಕಿವಿ ಎಲ್ಲದರಿಂದಲೂ ನೀರು ಬಿಡುತ್ತಾ, ಮೊದಲ ಉಸಿರಿನಲ್ಲಿ ಹೇಳಿದ ಮೊದಲ ಮಾತು:

“ಭಾವ... ಕಬಡ್ಡಿ... ಏನೂ ಅಲ್ಲ!”

ಅಪ್ಪ ಅವರನ್ನು ಮತ್ತೆ ನೀರಿಗೆ ಬಿಡಲಿದ್ದರು. ಅತ್ತೆ ಅಡ್ಡ ಬಂದರು, ಇಲ್ಲದಿದ್ದರೆ ಬಿಟ್ಟೇ ಬಿಡುತ್ತಿದ್ದರು.

ಇದೆಲ್ಲ ಮನೆಯೊಳಗಿನ ಮಾತಾಯಿತು. ಮರ್ಯಾದೆಯ ಪ್ರಶ್ನೆ ಎದ್ದದ್ದು ನನ್ನ ತಂಗಿಯ ನಿಶ್ಚಿತಾರ್ಥದ ದಿನ. ಸಂಪಿಗೆ ಊರಿನ ದೇವಸ್ಥಾನದ ಹತ್ತಿರ ಒಂದು ಛತ್ರದಲ್ಲಿ. ಹಿಂದಿನ ದಿನವೇ ಅಮ್ಮ ತನ್ನ ತಮ್ಮನನ್ನು ಎದುರಿಗೆ ಕೂರಿಸಿಕೊಂಡು, “ಲೋ, ನಾಳೆ ಒಂದಿನ ಆಟದ ಮಾತೆತ್ಬ್ಯಾಡ ಕಣೋ. ಹೊಸ ನೆಂಟ್ರು, ಏನಂದ್ಕತಾರೆ?” ಎಂದು ಬೇಡಿಕೊಂಡಿದ್ದಳು. ಮಾವ ಅಕ್ಕನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು. ಆ ಮಾತನ್ನು ಅವರು ಉಳಿಸಿಕೊಂಡರು ಕೂಡ, ಪಾಯಸದವರೆಗೆ!

ಊಟದ ಪಂಕ್ತಿಯಲ್ಲಿ ಮಾವನ ಪಕ್ಕ ಕೂತದ್ದು ಗಂಡಿನ ದೊಡ್ಡಪ್ಪ. ಬಾಗಿಲಿನಲ್ಲಿ ಪಕ್ಕಕ್ಕೆ ತಿರುಗಿ ಬರಬೇಕಾದಂಥ ಆಳು. ಪಾಪ, ಅವರಿಗೇನು ಗೊತ್ತು? ಲೋಕಾಭಿರಾಮವಾಗಿ, “ನಮ್ಮ ಹುಡ್ಗ ಕ್ರಿಕೆಟ್ ಆಡ್ತಾನೆ ಕಣ್ರೀ, ಅದ್ಕೇ ಮೈ ಹಂಗೆ ಗಟ್ಟಿಯಾಗೈತೆ” ಎಂದುಬಿಟ್ಟರು.

ಮಾವನ ಪಾಯಸದ ಲೋಟ ಗಾಳಿಯಲ್ಲೇ ನಿಂತಿತು. ಎದುರು ಪಂಕ್ತಿಯಿಂದ ಅಮ್ಮ ಕಣ್ಣಿನಲ್ಲೇ ಕೈ ಮುಗಿದಳು. ಮಾವ ಅಮ್ಮನನ್ನು ನೋಡಿದರು, ಪಾಯಸವನ್ನು ನೋಡಿದರು, ನುಂಗಲು ಪ್ರಯತ್ನಪಟ್ಟರು. ಆಗಲಿಲ್ಲ.

“ಕ್ರಿಕೆಟ್ನಲ್ಲಿ ನಿಂತ್ಕಂಡಿರೋದೇ ಜಾಸ್ತಿ ಅಲ್ವಾ ಸ್ವಾಮಿ? ನಮ್ ಅಂಗ್ಡೀಲಿ ಹಳೇ ಮೋಟ್ರುಗಳೂ ನಿಂತವೆ, ಒಂದಕ್ಕೂ ಮೈ ಗಟ್ಟಿಯಾಗ್ಲಿಲ್ಲ.”

ಬಡಿಸುವವನ ಸೌಟೂ ನಿಂತಿತು. ದೊಡ್ಡಪ್ಪ ನಿಧಾನಕ್ಕೆ ಕೈ ತೊಳೆದು ಬಂದು, “ನಾನು ವಯಸ್ಸಿನಲ್ಲಿ ಗರಡಿ ಮಾಡ್ದೋನು. ಕುಸ್ತಿಗೆ ಏನಂತೀರಾ?” ಎಂದರು.

“ಕುಸ್ತಿ ಇನ್ನೂ ನೋಡಿಲ್ಲ,” ಎಂದರು ಮಾವ, ಬಹಳ ಪ್ರಾಮಾಣಿಕವಾಗಿ. ಆಮೇಲೆ ಶರ್ಟಿನ ತೋಳು ಮಡಚಿದರು!

ಛತ್ರದ ಅಂಗಳದಲ್ಲಿ ಎರಡೂ ಕಡೆಯವರು ಗುಂಪುಗೂಡಿದರು. ಬಿಡಿಸಲು ಹೋದವರು ಯಾರು, ನೋಡಲು ಹೋದವರು ಯಾರು ಎಂದು ಹೇಳುವುದು ಕಷ್ಟ. ಅಮ್ಮ, “ಅಯ್ಯೋ, ಸಂಬಂಧ ಮುರ್ದೋಯ್ತದೆ, ಯಾರಾದ್ರೂ ಹಿಡ್ಕಳ್ರೋ!” ಎಂದು ಕೂಗುತ್ತಿದ್ದಳು. ತಂಗಿ ಹೊಸ ಉಂಗುರ ತಿರುವುತ್ತಾ ಕಂಬದ ಮರೆಯಲ್ಲಿ ಬಿಳಿಚಿಕೊಂಡು ನಿಂತಿದ್ದಳು. ಮಾವ ಮುಂದೆ ನುಗ್ಗಿದರು. ದೊಡ್ಡಪ್ಪ ಸುಮ್ಮನೆ ಬಗ್ಗಿದರು, ಎದ್ದರು. ಎದ್ದಾಗ ಮಾವ ಅವರ ಹೆಗಲ ಮೇಲೆ ಒಗೆದ ಪಂಚೆಯ ಹಾಗೆ ನೇತಾಡುತ್ತಿದ್ದರು!

ಅಲ್ಲಿಂದಲೇ ಪ್ರಶ್ನೆಗಳು ಶುರು.

“ಸ್ವಾಮಿ, ಈಗ ನಿಮ್ಗೆ ಸೊಂಟ ಎಳೀತೈತಾ?”

“ಇಲ್ಲ.”

“ತೊಡೆ ನಡುಗ್ತೈತಾ? ಸುಳ್ಳು ಹೇಳ್ಬಾರ್ದು.”

“ಸ್ವಲ್ಪ ನಡುಗ್ತೈತೆ.”

“ಉಸುರು?”

“ನಿಮ್ಗೆ ಎಂಗೈತ್ರೀ?”

“ನಂದಿರ್ಲಿ ಬುಡಿ, ನಿಮ್ದು ಹೇಳಿ!”

ದೊಡ್ಡಪ್ಪನಿಗೆ ನಗು ಬಂತು. ಸಣ್ಣ ನಗು ಅಲ್ಲ, ಇಡೀ ಮೈ ಕುಲುಕುವ ನಗು. ಹೆಗಲ ಮೇಲೆ ಮಾವನೂ ಕುಲುಕಿದರು. ಕೊನೆಗೆ ನಗುವನ್ನೂ ಮಾವನನ್ನೂ ಒಟ್ಟಿಗೆ ಹೊರಲಾರದೆ ದೊಡ್ಡಪ್ಪ ಕುಸಿದು ಕೂತರು. ಮಾವನ ಸೊಂಟ ಹಿಡಿದುಕೊಂಡಿತು. ಫೋಟೋ ತೆಗೆಯುವವನು ಕೆಲಸದ ಮನುಷ್ಯ, ಒಂದನ್ನೂ ಬಿಟ್ಟಿರಲಿಲ್ಲ. ನನ್ನ ತಂಗಿಯ ಆಲ್ಬಮ್ಮಿನಲ್ಲಿ ಉಂಗುರ ತೊಡಿಸುವ ಚಿತ್ರದ ಮುಂದಿನ ಪುಟದಲ್ಲೇ ಮಾವನ ಅಂಗಾಲುಗಳಿವೆ!

ಆ ರಾತ್ರಿ ಅಮ್ಮ ಊಟ ಮಾಡಲಿಲ್ಲ. ಬೆಳಿಗ್ಗೆ ಬೀಗರ ಫೋನ್ ಬಂದಾಗ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಅಪ್ಪ ಎತ್ತಿದರು. ಆ ಕಡೆಯಿಂದ, “ಮದ್ವೆಗೆ ಬೇಗ ದಿನ ನೋಡಿ ಕಣ್ರೀ. ನಮ್ಮಣ್ಣ ನಿಮ್ಮ ಬಾಮೈದನ್ನ ಇನ್ನೊಂದ್ಸಲ ನೋಡ್ಬೇಕಂತೆ!”

ಮದುವೆ ಸುಸೂತ್ರವಾಗಿ ಆಯಿತು. ದೊಡ್ಡಪ್ಪ ಈಗಲೂ ತಿಪಟೂರಿಗೆ ಬಂದರೆ ಮಾವನ ಅಂಗಡಿಯಲ್ಲಿ ಕಾಫಿ ಕುಡಿಯದೆ ಹೋಗುವುದಿಲ್ಲ.

ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು.

ಹಲ್ಲುಜ್ಜುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬಲಗೈ, ಬಲಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ನಾಲಿಗೆ ತೊದಲುತ್ತಿತ್ತು. ನೋಡಲು ಬಂದವರೆಲ್ಲ ಅಪ್ಪ ಏನು ಹೇಳಿದರೂ ಹೌದು ಹೌದು ಎನ್ನುತ್ತಿದ್ದರು. ಅರ್ಥವಾಗದಿದ್ದರೂ ಹೌದು ಎನ್ನುತ್ತಿದ್ದರು. ಅಪ್ಪ ಬರುಬರುತ್ತಾ ಮಾತೇ ನಿಲ್ಲಿಸಿದರು.

ಮಾವ ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಬರುತ್ತಿದ್ದರು. ಅಪ್ಪನ ತೋಳಿನ ಕೆಳಗೆ ತಮ್ಮ ಹೆಗಲು ಕೊಟ್ಟು, ಜಗಲಿಯಿಂದ ಇಳಿಸಿ, ಅಂಗಳದಂಚಿನ ಮೊದಲ ತೆಂಗಿನ ಮರದವರೆಗೆ ನಡೆಸುತ್ತಿದ್ದರು. ವೈದ್ಯರು ನಡೆಸಿ ಎಂದಿದ್ದರು. ಅಪ್ಪ ಅಲ್ಲಿಂದ ಮುಂದೆ ಒಂದು ಹೆಜ್ಜೆಯನ್ನೂ ಇಡಲು ಒಪ್ಪುತ್ತಿರಲಿಲ್ಲ. ಮಾವ ಯಾವ ಆಟದ ಮಾತನ್ನೂ ಎತ್ತುತ್ತಿರಲಿಲ್ಲ.

ಒಂದು ದಿನ ಮರದ ಹತ್ತಿರ ನಿಂತಾಗ ಅಪ್ಪ ತಾವಾಗಿಯೇ ಬಾಯಿ ತೆರೆದರು. “ಕ... ಬಡ್ಡಿ,” ಎಂದರು.

ಮಾವ ತಲೆ ತಗ್ಗಿಸಿದರು. “ಹೂಂ ಭಾವ. ಕಬಡ್ಡೀನೇ. ಅದ್ನ ಬುಟ್ರೆ ಬ್ಯಾರೆ ಇಲ್ಲ.”

ಅಪ್ಪ ಮಾವನ ಮುಖವನ್ನೇ ದಿಟ್ಟಿಸಿದರು. ಅಷ್ಟು ವರ್ಷ ಕಾದಿದ್ದ ಗೆಲುವು ಅದು. ಆದರೆ ಅವರ ಕಣ್ಣು ಕೆಂಪಾಯಿತು.

“ಯಾ... ಕ್ಲಾ?” ಎಂದರು. “ನಾನ್... ಸತ್ತೋ... ದ್ನಾ?”

ಮಾವ ಬೆಚ್ಚಿದರು. ಆಮೇಲೆ ಇಡೀ ತೋಟಕ್ಕೆ ಕೇಳುವಂತೆ ಕೂಗಿದರು: “ಕಬಡ್ಡಿಯಂತೆ ಕಬಡ್ಡಿ! ಅದೊಂದು ಆಟನಾ ಭಾವ? ಹಗ್ಗ ಜಗ್ಗಾಟದ ಮುಂದೆ ನಿಮ್ ಕಬಡ್ಡಿ ಏನ್ ಮಹಾ?”

ಅಪ್ಪ ಎಡಗೈ ಎತ್ತಿ ಬೀಸಿದರು. ಸಿಟ್ಟಿಗೆ ಕಾಲೂ ಎದ್ದಿತು. ಬಲಗಾಲು! ಮೊದಲ ಮರ ದಾಟಿತು. “ಸೈಕಲ್ ರೇಸು!” ಎಂದು ಕೂಗುತ್ತಾ ಮಾವ ಹೆಗಲು ಕೊಟ್ಟೇ ಮುಂದೆ ಸರಿದರು. ಅಪ್ಪ ಅವರನ್ನು ಬೈಯಲೆಂದೇ ಇನ್ನೊಂದು ಹೆಜ್ಜೆ ಇಟ್ಟರು. “ಬಾಕ್ಸಿಂಗು!” ಮತ್ತೊಂದು. ಜಗಲಿಯ ಮೇಲೆ ಅಮ್ಮ, ಅತ್ತೆ, ನಾನು ಉಸಿರು ಬಿಗಿಹಿಡಿದು ನಿಂತಿದ್ದೆವು. ಮಾವನ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

“ಸೋತೆ ಅನ್ನಿ ಭಾವ! ಸೋತೆ ಅನ್ನಿ!”

“ಇಲ್ಲ!” ಎಂದರು ಅಪ್ಪ. ಈ ಸಲ ಮಾತು ತೊದಲಲಿಲ್ಲ.