ರಾಡಿ ಸರ ಕೊಂಡ ನಾಲ್ಕು ಟೈರು

ಕೆಲವರು ಕೂತಲ್ಲಿ ಕುರ್ಚಿ ಮುರಿಯುತ್ತದೆ, ಕೆಲವರಿಗೆ ಪ್ರತಿ ತುತ್ತಿನಲ್ಲೂ ಕಲ್ಲು ಸಿಗುತ್ತದೆ. ನಾನು ಗಾಡಿ ನಿಲ್ಲಿಸಿದಲ್ಲೆಲ್ಲ ಒಂದು ನಗೆಪಾಟಲು ನನಗಿಂತ ಮೊದಲೇ ಬಂದು ಕಾದಿರುತ್ತದೆ.

ನಾನು ಸೇಡಂನಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರ. ಐವತ್ತು ದಾಟಿದ ಮೇಲೆ ಹುಚ್ಚು ಹಿಡಿದು, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ ಹಳೆಯ ಜೀಪೊಂದನ್ನು ಕೊಂಡೆ. ಕೊಡ್ಲಿಯಲ್ಲಿ ನಮ್ಮದೊಂದು ತೊಗರಿ ಹೊಲವಿದೆ. ಮಳೆಗಾಲದಲ್ಲೂ ಹೊಲದ ಬದುವಿನ ತನಕ ಗಾಡಿಯಲ್ಲೇ ಹೋಗಬೇಕೆಂಬುದು ನನ್ನ ಆಸೆ. ಆ ಆಸೆಯನ್ನು ನಮ್ಮ ಎರೆಮಣ್ಣು ಮೂರು ಸಲ ನುಂಗಿತು, ಮೂರೂ ಸಲ ಕೊಡ್ಲಿಯ ಒಬ್ಬನೇ ಟ್ರ್ಯಾಕ್ಟರ್ ಡ್ರೈವರ್ ಬಂದು ಹಗ್ಗ ಕಟ್ಟಿ ಎಳೆದ. ಮೂರನೆಯ ಸಲ ಅವನು ಹೊರಟನೋ ಇಲ್ಲವೋ ಎಂದು ನಾನು ಮತ್ತೆ ಫೋನ್ ಹಚ್ಚಿದರೆ, ಅವನು ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಅವನ ಮೊಬೈಲಿನಲ್ಲಿ ನನ್ನ ಹೆಸರು ‘ರಾಡಿ ಸರ’ ಎಂದು ಮೂಡಿತ್ತು.

ಆ ದಿನ ನನ್ನ ಹೆಂಡತಿಯೂ ಜೊತೆಗಿದ್ದಳು. ಅವಳೂ ಟೀಚರ್, ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳುವವರ ಪೈಕಿ ಅಲ್ಲ. ಎರಡೂ ಚಪ್ಪಲಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಹೇಳಿದಳು: “ಈ ಜೀಪಿಗೂ ಟ್ರ್ಯಾಕ್ಟರಿಗೂ ನಡುವ ಇನ್ನೊಮ್ಮಿ ಹಗ್ಗ ಕಂಡ್ತಂದ್ರ, ಗಾಡಿ ಮಾರೋದೇ.”

ನನಗೆ ಜೀಪಿನ ಮೇಲೆ ಭಾರೀ ಜೀವ. ಅದನ್ನು ಉಳಿಸಿಕೊಳ್ಳಬೇಕಾದರೆ ರಾಡಿಯಲ್ಲಿ ಹಿಡಿತ ಬಿಡದ ಟೈರು ಬೇಕು. ಹೀಗೆ ಶುರುವಾಯಿತು ನನ್ನ ಟೈರಿನ ಹುಡುಕಾಟ.

ಮೊದಲ ಅಂಗಡಿ

ಸೇಡಂನ ಟೈರ್ ಅಂಗಡಿಯವರು ತಾಳ್ಮೆಯ ಮನುಷ್ಯ. ಬರೀ ಡಾಂಬರು ರಸ್ತೆಗೆ ಒಂದು ಜಾತಿ, ಬರೀ ರಾಡಿಗೆ ದೊಡ್ಡ ಹಲ್ಲಿನದೊಂದು ಜಾತಿ, ಎರಡಕ್ಕೂ ಒಗ್ಗುವ ‘ಆಲ್ ಟೆರೇನ್’ ಎಂಬ ಮೂರನೆಯ ಜಾತಿ ಎಂದು ಬಿಡಿಸಿ ಹೇಳಿದರು. ನಾನು ಒಂದೊಂದನ್ನೂ ಅಂಗೈಯಿಂದ ತಟ್ಟಿ, ಮೂಸಿ, ಗುದ್ದಿ ನೋಡಿದೆ. ಅರ್ಧ ಗಂಟೆಯಾದ ಮೇಲೆ ಅವರು ಕೇಳಿದರು: “ಸರ, ದಿನಾ ಗಾಡಿ ಎಲ್ಲಿಂದ ಎಲ್ಲೀತನಕ ಓಡಸ್ತೀರಿ?”

“ಮನಿಯಿಂದ ಸಾಲಿಗಿ.”

“ಸಾಲಿ ಎಷ್ಟು ದೂರ ಅದ?”

“ಅದೇ, ಆ ಬೇವಿನ ಗಿಡ ಕಾಣಸ್ತದಲ್ರಿ, ಅದರ ಈಚಿ ಮನಿ, ಆಚಿ ಸಾಲಿ.”

ಅವರು ಟೈರನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. “ಹಂಗಿದ್ರ ಎರಡು ಚಲೋ ಚಪ್ಪಲಿ ತಗೋರಿ ಸರ, ಸಾಕಾಗ್ತದ.”

ರಾವೂರದ ಚಹಾ

ಅಂಗಡಿಯವರ ಮಾತು ಮನಸ್ಸಿಗೆ ನಾಟಿತು. ಟೈರು ಮಾರುವವರನ್ನಲ್ಲ, ಟೈರು ಸವೆಸುವವರನ್ನೇ ಕೇಳೋಣವೆಂದು ವಾಡಿ ಹತ್ತಿರ ರಾವೂರಕ್ಕೆ ಹೋದೆ. ಅಲ್ಲಿ ಕಲ್ಲಿನ ಗಣಿಗೆ ಟಿಪ್ಪರ್ ಓಡಿಸುವ ಹಿರಿಯರೊಬ್ಬರು ಚಹಾ ಕುಡಿಯುತ್ತಿದ್ದರು. ಟೈರು ಎಂದದ್ದೇ ತಡ, ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

“ಕುಂದ್ರಿ ಸರ. ಎಲ್ಲರೂ ಟೈರಿನ ಹಲ್ಲು ನೋಡ್ತಾರ. ನೀವು ಬಗಲು, ಅಂದ್ರ ಪಕ್ಕದ ಗ್ವಾಡಿ ನೋಡ್ರಿ. ನಮ್ಮ ಕಲ್ಲು ಹಲ್ಲಿಗಿ ಏನೂ ಮಾಡಂಗಿಲ್ಲ, ಬಗಲಿಗಿ ಚೂರಿ ಹಾಕ್ತದ.”

ಎಂಥ ಅನುಭವದ ಮಾತು! ನನಗೆ ಖುಷಿಯಾಗಿ, ನನ್ನ ಜೀಪನ್ನೂ ಒಮ್ಮೆ ನೋಡಿ ಎಂದೆ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ನುಣ್ಣಗಾದ ಹಳೆಯ ಟೈರಿನ ಮೇಲೆ ಬೆರಳಾಡಿಸಿದರು.

“ಹ್ಯಾಂಗ ಅದರಿ ಟೈರು?” ಎಂದೆ.

“ಟೈರ್ ಆಮ್ಯಾಲ ಹಾಕಸ್ರಿ ಸರ,” ಎಂದರು, “ಸದ್ಯಕ್ಕ ನೀವು ಟ್ಯೂಬಿನ ಮ್ಯಾಲ ತಿರಗ್ಲಿಕತ್ತೀರಿ.”

ಪಕ್ಕದವನ ಟೈರು

ಅಂದಿನಿಂದ ನನಗೆ ಕಂಡಕಂಡ ಜೀಪಿನ ಬಗಲು ನೋಡುವ ಚಟ ಹತ್ತಿತು. ಚಿತ್ತಾಪುರದಲ್ಲಿ ಮದುವೆಗೆ ಹೋದಾಗ ರಸ್ತೆ ಬದಿ ಒಂದು ಜೀಪು ನಿಂತಿತ್ತು. ಆಹಾ, ಎಂಥ ಟೈರು! ಮದುವೆ ಉಡುಪಿನಲ್ಲಿದ್ದೇನೆ ಎಂಬುದನ್ನೂ ಮರೆತು ಮಂಡಿಯೂರಿದೆ. ಹಲ್ಲಿನ ಆಳ ಅಳೆಯಲು ಒಂದು ರೂಪಾಯಿ ನಾಣ್ಯ ಒಳಗೆ ತೂರಿಸಿದೆ. ನಾಣ್ಯ ಅಲ್ಲೇ ಕಚ್ಚಿಕೊಂಡಿತು. ಅದನ್ನು ಕೀಳಲು ಅರ್ಧ ಮೈ ಗಾಡಿಯಡಿಗೆ ತೂರಿಸಿ ಎಳೆದಾಡುತ್ತಿದ್ದಾಗ ಎರಡು ಕಂದು ಬೂಟು ಬಂದು ಪಕ್ಕದಲ್ಲಿ ನಿಂತವು.

“ಏನ್ ಬಿಚ್ಚಲಿಕತ್ತೀರಿ?”

ಹೊರಗೆ ತಲೆ ಹಾಕಿದರೆ ಪೊಲೀಸ್ ಪೇದೆ. “ಏನಿಲ್ಲ... ಬರೇ ಟೈರ್ ನೋಡ್ಲಿಕತ್ತಿದ್ದೆ,” ಎಂದೆ. ಅವನು ನನ್ನ ಮುಖ ನೋಡಿ ಥಟ್ಟನೆ ಟೋಪಿ ತೆಗೆದ. ಹತ್ತು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವನು.

“ಸರ, ನೀವೇನ್ರಿ!” ಎಂದು ಕೈಹಿಡಿದು ಎಬ್ಬಿಸಿ, ನನ್ನ ಧೋತರದ ಧೂಳು ಝಾಡಿಸಿದ. ಆಮೇಲೆ ಗಂಭೀರವಾಗಿ ಹೇಳಿದ: “ನಾ ಪಕ್ಕದವನ ಪೇಪರ್ ನೋಡಿದ್ದಕ್ಕ ಪರೀಕ್ಷೆಯಿಂದ ಹೊರಗ ಹಾಕಿದ್ರಿ. ಈಗ ನೀವು ಪಕ್ಕದವನ ಟೈರ್ ನೋಡ್ಲಿಕತ್ತೀರಿ. ಏನ್ ಮಾಡ್ಲಿ ಹೇಳ್ರಿ?”

ಮನೆ ಮರೆತವನು

ಕಡೆಗೂ ಶಹಾಬಾದಿನ ಅಂಗಡಿಯೊಂದರಲ್ಲಿ ಆಲ್ ಟೆರೇನ್ ಟೈರು ಗೊತ್ತು ಮಾಡಿದೆ. ಬಗಲು ದಪ್ಪ, ಹಲ್ಲು ಆಳ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಗಾಡಿ ಎತ್ತರ ಕಾಣಲಿ ಎಂಬ ದುರಾಸೆಯಿಂದ ಒಂದು ಸೈಜು ದೊಡ್ಡದನ್ನೇ ಹಾಕಿಸಿದೆ. ಸ್ಟೇರಿಂಗ್ ಪೂರಾ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರ್ರೋ ಎಂದಿತು.

“ಅರೇ ಸಾಬ್, ಅಷ್ಟು ತಿರುವಬ್ಯಾಡ್ರಿ,” ಎಂದ ಅಂಗಡಿಯವನು.

“ತಿರುವಿನ ರಸ್ತಾ ಬಂದ್ರ?”

“ಸೀದಾ ರಸ್ತಾ ಭಾಳ ಅವ ಸಾಬ್, ಆರಾಮ್ ಹೋಗ್ರಿ.”

ಸೇಡಂ ತನಕ ಆರಾಮವಾಗಿಯೇ ಬಂದೆ. ನಮ್ಮದು ಓಣಿಯ ಮೂಲೆಯ ಮನೆ, ಅಲ್ಲಿಗೆ ಗಕ್ಕನೆ ಹೊರಳಬೇಕು. ಹೊರಳಲಾಗದೆ ಮುಂದೆ ಹೋದೆ. ಊರು ಸುತ್ತಿ ಮತ್ತೆ ಬಂದೆ, ಮತ್ತೆ ಮುಂದೆ ಹೋದೆ. ಮೊದಲ ಸಲ ಬಾಗಿಲಲ್ಲಿ ಆರತಿ ಹಿಡಿದು ನಿಂತ ಹೆಂಡತಿ ನಕ್ಕಳು. ಎರಡನೇ ಸಲ ನಗು ನಿಲ್ಲಿಸಿದಳು. ಮೂರನೇ ಸಲ ಇಡೀ ಓಣಿಗೆ ಕೇಳುವಂತೆ ಕೂಗಿದಳು: “ರೀ, ಇದೇ ಮನಿರೀ! ನಾನೇರೀ ನಿಮ್ಮ ಹೇಣ್ತಿ!”

ಮರುದಿನ ಮಡ್‌ಗಾರ್ಡಿನ ಒಳ ಅಂಚು ಕತ್ತರಿಸಿದ ಮೇಲೆಯೇ ಗಾಡಿ ಅಂಗಳ ಸೇರಿತು.

ಹಣ್ಣಿನ ಗಟ್ಟಿತನ

ನನ್ನ ಮಾವನವರು ಮಳಖೇಡದಲ್ಲಿ ದೇವಸ್ಥಾನದ ಪೂಜೆ ಮಾಡುವವರು. ಹೊಸ ಟೈರಿಗೆ ಪೂಜೆಯಾಗದೆ ಹೊಲಕ್ಕೆ ಇಳಿಸಕೂಡದೆಂದು ಕರೆಸಿಕೊಂಡರು. ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು, “ಅಳಿಯಂದ್ರ, ಮುಂದ ತಗೋರಿ,” ಎಂದರು.

ಹಿಂದಿನ ದಿನವಷ್ಟೇ ಮಳೆ ಬಿದ್ದು ಅಂಗಳ ಮೆತ್ತಗಾಗಿತ್ತು. ಗಾಡಿ ಮುಂದೆ ಹೋಯಿತು, ನಾಲ್ಕೂ ಹಣ್ಣು ನೆಲದೊಳಗೆ ಹೋದವು. ಅಗೆದು ತೆಗೆದರೆ ಒಂದಕ್ಕೂ ಗೀರು ಬಿದ್ದಿರಲಿಲ್ಲ. ಒಡೆಯದ ಹಣ್ಣು ಶುಭವಲ್ಲ ಎಂದು ಮಾವನವರ ಮುಖ ಸಣ್ಣದಾಯಿತು. ಬಚ್ಚಲ ಮನೆಯ ಮುಂದಿದ್ದ ಫರಸಿ ಕಲ್ಲು ತಂದು ಹಾಸಿ, ಅದರ ಮೇಲೆ ಒಂದು ಹಣ್ಣಿಟ್ಟು, “ಈಗ ಹ್ಯಾಂಗ ಒಡ್ಯಂಗಿಲ್ಲ ನೋಡ್ತೀನಿ,” ಎಂದರು.

ನಾನು ಗಾಡಿ ಹತ್ತಿಸಿದೆ. ಫಟ್ ಎಂದು ಸದ್ದಾಯಿತು. ಅತ್ತೆಯವರು ಸಂತೋಷದಿಂದ ಕೈಮುಗಿದರು. ಇಳಿದು ನೋಡಿದರೆ ಒಡೆದದ್ದು ಕಲ್ಲು. ಹಣ್ಣು ಟೈರಿನ ಎರಡು ಹಲ್ಲುಗಳ ನಡುವಿನ ಸಂದಿಯಲ್ಲಿ ಹಾಯಾಗಿ ಕೂತಿತ್ತು.

ಮಾವನವರು ಅದನ್ನು ಬಿಡಿಸಿ, ಒರೆಸಿ, ಅಂಗೈಯಲ್ಲಿಟ್ಟು ಭಕ್ತಿಯಿಂದ ನೋಡಿದರು. ಆಮೇಲೆ ಅತ್ತೆಯವರಿಗೆ ಹೇಳಿದರು: “ಉಪ್ಪು ತಗೊಂಬಾ. ದೃಷ್ಟಿ ತಗೀಬೇಕಾದ್ದು ಗಾಡೀದಲ್ಲ, ಈ ಹಣ್ಣಿಂದು.”

ಕೊಡ್ಲಿಯ ಸಾಕ್ಷಿ

ಮುಂದಿನ ಭಾನುವಾರ ಒಬ್ಬನೇ ಹೊಲಕ್ಕೆ ಹೊರಟೆ. ಊರ ಹೊರಗಿನ ಗರಸು ಹಾಕಿದ ಗಟ್ಟಿ ರಸ್ತೆಯಲ್ಲಿ ಹೋಗುತ್ತಿದ್ದಾಗ ಕಣ್ಣನ್ನು ನಂಬಲಾಗಲಿಲ್ಲ. ನಮ್ಮ ಟ್ರ್ಯಾಕ್ಟರ್ ಡ್ರೈವರ್ ರಸ್ತೆಯಂಚಿನ ಎರೆಮಣ್ಣಿಗೆ ಜಾರಿ, ಹಿಂದಿನ ಗಾಲಿ ಅರ್ಧ ಹೂತು ಕೂತಿದ್ದಾನೆ! ನನ್ನನ್ನು ಕಂಡು ಮುಖ ಆಚೆ ತಿರುಗಿಸಿದ.

ಈ ಸಲ ಹಗ್ಗ ಕಟ್ಟಿದವನು ನಾನು. ಜೀಪಿನ ಹಿಂದಿನ ಕೊಂಡಿಯಿಂದ ಟ್ರ್ಯಾಕ್ಟರಿನ ಮುಂಭಾಗಕ್ಕೆ ಕಟ್ಟಿ, ನಾಲ್ಕೂ ಗಾಲಿಗೆ ಬಲ ಕೊಟ್ಟೆ. ಹೊಸ ಟೈರು ಗರಸನ್ನು ಕಚ್ಚಿ ಹಿಡಿಯಿತು, ಜೀಪು ಹೂಂಕರಿಸಿತು, ಟ್ರ್ಯಾಕ್ಟರ್ ಎದ್ದು ಬಂತು. ನಾನು ಕೆಳಗಿಳಿದು, ಈ ವಯಸ್ಸಿನಲ್ಲಿ, ರಸ್ತೆಯ ನಡುವೆ ಕುಣಿದೆ.

ಅಷ್ಟರಲ್ಲಿ ಬೈಕಿನಲ್ಲಿ ಹೋಗುವವನೊಬ್ಬ ಫೋಟೋ ತೆಗೆದು ಹೋದ. ನಾನು ಮನೆ ಮುಟ್ಟುವ ಮೊದಲೇ ಆ ಫೋಟೋ ಕೈಯಿಂದ ಕೈಗೆ ಹೋಗಿ ಹೆಂಡತಿಯ ಮೊಬೈಲಿಗೆ ಬಂದಿತ್ತು. ಜೀಪು, ಟ್ರ್ಯಾಕ್ಟರು, ನಡುವೆ ಹಗ್ಗ. ಕೆಳಗೆ ಬರಹ: ‘ರಾಡಿ ಸರ ಮತ್ತ ಸಿಕ್ಕೊಂಡಾರ.’

“ಎಳದಂವ ನಾನು!” ಎಂದೆ. “ನೋಡು, ಹಗ್ಗ ಜೀಪಿನ ಹಿಂದ ಅದ.”

“ಹಿಂದಕ್ಕ ಎಳಸ್ಕೊಂಡೀರಿ,” ಎಂದಳು.

ಸಾಕ್ಷಿಗೆ ಡ್ರೈವರನನ್ನೇ ಕರೆಸಿದೆ. ಅವನು ಚಹಾದ ಕಪ್ಪು ಹಿಡಿದು, ನೆಲ ನೋಡುತ್ತ ಹೇಳಿದ: “ಎಳದದ್ದು ನಾನೇರಿ ಮೇಡಂ. ಸರಗ ಬೈಬ್ಯಾಡ್ರಿ.”

ಅವನು ನನ್ನ ಕಡೆ ಬಾಗಿ ಪಿಸುಗುಟ್ಟಿದ: “ಮಾಫ್ ಮಾಡ್ರಿ ಸರ. ಜೀಪು ಎಳದ ಟ್ರ್ಯಾಕ್ಟರ್ ಅಂದ್ರ ನಾಳಿಂದ ನನ್ನ ಯಾರೂ ಕರಿಯಂಗಿಲ್ಲ.”

“ಮುಗೀತು,” ಎಂದಳು ಹೆಂಡತಿ. “ನಾಳೀನೇ ಗಾಡಿ ಮಾರ್ರಿ.”

ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಡ್ರೈವರ್ ಮಾತ್ರ ಕಪ್ಪು ಕೆಳಗಿಟ್ಟು ನೆಟ್ಟಗೆ ಕೂತ. “ಮಾರೋದೇ ಇದ್ರ ನನಗ ಕೊಡ್ರಿ ಮೇಡಂ. ಆ ಟೈರ್ ಮಾತ್ರ ಬಿಚ್ಚಬ್ಯಾಡ್ರಿ.”

ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಮನ್ಯಾಗ ಟ್ರ್ಯಾಕ್ಟರ್ ಇಟ್ಕೊಂಡು, ರಾಡ್ಯಾಗ ಸಿಕ್ಕೊಳ್ಳೋ ಈ ಜೀಪು ನಿನಗ ಎದಕ್ಕ ಬೇಕಪಾ?”

ಅವನು ಹಿಂದೆ ಮುಂದೆ ನೋಡದೆ ಹೇಳಿಬಿಟ್ಟ: “ಟ್ರ್ಯಾಕ್ಟರ್ ಸಿಕ್ಕೊಂಡಾಗ ಬೇಕಾಗ್ತದಲ್ರಿ ಮೇಡಂ!”